ಆಕಾಶದವು ಯಾರ ಪೈಕಿ

ಮಾಂಬಳ್ಳಿ
8 ಜುಲೈ 1962

ಚಿ. ಸುವರ್ಣಳಿಗೆ ನಿನ್ನ ಅಪ್ಪ ಗುರುಮಲ್ಲಪ್ಪನ ಆಶೀರ್ವಾದ.

‘ನಾವು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಎರಡು ಸಾಲು ಗೀಚಿ ಅಂಚೆ ಪೆಟ್ಟಿಗೆಗೆ ಹಾಕಿ ಕೈ ತೊಳೆದುಕೊಳ್ಳುವ ಆಸಾಮಿ ನಾನಲ್ಲ, ನಿನಗೇ ಗೊತ್ತು. ನಾಲೆಗೆ ನೀರು ಬಿಟ್ಟಿದ್ದಾರೆ. ಹಿಪ್ಪುನೇರಳೆ ಸೊಪ್ಪು ಚೆನ್ನಾಗಿ ಬಂದಿದೆ. ನಿನ್ನವ್ವ ರೇಷ್ಮೆಹುಳಕ್ಕೆ ಸೊಪ್ಪು ಹಾಕುವ ಭರದಲ್ಲಿ ನನಗೆ ಮುದ್ದೆ ಹಾಕುವುದನ್ನು ಮರೆಯುತ್ತಾಳೆ. ಇಷ್ಟು ಊರ ಸುದ್ದಿ. ಈಗ ನನ್ನ ಕಷ್ಟ ಕೇಳು.

ನಮ್ಮ ಜಗಲಿಯ ಮೇಲೆ ಕೂತವರು ಯಾವ ದಾರಿಹೋಕನನ್ನೂ ಸುಮ್ಮನೆ ಬಿಡುವುದಿಲ್ಲವಲ್ಲ. ‘ಯಾವೂರಾಯ್ತು? ಯಾರ ಪೈಕಿ?’ ಎಂದು ಕೇಳಿ, ಅವನ ಅಜ್ಜನ ಹೆಸರು ಬಾಯಿ ಬಿಡಿಸಿದ ಮೇಲೇ ನೀರು, ಬೆಲ್ಲ. ಮೊನ್ನೆ ಮಾರಯ್ಯ ನನ್ನನ್ನೇ ಹಿಡಿದುಕೊಂಡ. ‘ಕೂಸು ಬೊಂಬಾಯಿಲಿ ಏನ್ ಓದ್ತಾವ್ಳೆ ಗುರುಮಲ್ಲಪ್ನೋರೇ?’ ಎಂದ. ಭೂಮಿಯ ಸುತ್ತ ಆಕಾಶದಲ್ಲಿ ಸಿಕ್ಕಿಹಾಕಿಕೊಂಡಿರುವ ಕಣಗಳ ವಿಚಾರ ಎಂದು ನೀನು ಹೇಳಿಕೊಟ್ಟಷ್ಟನ್ನು ಒಪ್ಪಿಸಿದೆ. ಅವನು ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಸರಿಸಿ, ‘ಅವು ಯಾರ ಪೈಕಿ?’ ಎಂದ. ಜಗಲಿಯೆಲ್ಲ ಘೊಳ್ಳೆಂದಿತು. ನಾನು ನಗಲಿಲ್ಲ. ನನಗೂ ಗೊತ್ತಿರಲಿಲ್ಲವಲ್ಲ!

ನಿನ್ನ ಸೋದರಮಾವ ಕೆಂಪನಂಜಪ್ಪನ ಮಗನಿಗೆ ನಿನ್ನನ್ನು ಕೊಡಲಿಲ್ಲ, ಓದಿಸುತ್ತೇನೆ ಎಂದೆ. ಅದಕ್ಕೆ ಅವನು ಎಲೆಯ ಮುಂದಿನಿಂದ ಎದ್ದು ಹೋಗಿ ಮೂರು ಯುಗಾದಿ ಆಯಿತು. ಅಂದಿನಿಂದ ನಿನ್ನವ್ವ ಕೊಳ್ಳೇಗಾಲದ ತನ್ನ ತವರಿನ ಹೊಸ್ತಿಲು ತುಳಿದಿಲ್ಲ. ನಾನು ಮಾಡಿದ್ದು ಸರಿ ಎಂದು ಅವನ ಬಾಯಲ್ಲೇ ಹೇಳಿಸಬೇಕು ನನಗೆ. ಆದ್ದರಿಂದ ನನಗೆ ತಿಳಿಯುವ ಹಾಗೆ ಬಿಡಿಸಿ ಬರೆ.

ನಿನ್ನ ಅಪ್ಪ,
ಗುರುಮಲ್ಲಪ್ಪ

---

ಬೊಂಬಾಯಿ
2 ಆಗಸ್ಟ್ 1962

ಅಪ್ಪನಿಗೆ, ಅವ್ವನಿಗೆ ಶರಣು.

ಮಾರಯ್ಯನ ಮಾತಿಗೆ ನಕ್ಕವರೆಲ್ಲ ಈಗ ಸುಮ್ಮನಾಗಲಿ. ಇಲ್ಲಿ ನನ್ನ ಗುರುಗಳು ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ, ‘ಉತ್ತರ ಹುಡುಕು, ಪದವಿ ತೆಗೆದುಕೋ’ ಎಂದಿದ್ದಾರೆ.

ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಸೆಳೆತದ ಗೆರೆಗಳು ದಕ್ಷಿಣದ ಕಡೆಯಿಂದ ಎದ್ದು, ಆಕಾಶದಲ್ಲಿ ಬಾಗಿ, ಉತ್ತರದಲ್ಲಿ ಇಳಿಯುತ್ತವೆ. ವಿದ್ಯುತ್ತಿನ ಗುಣವಿರುವ ಕಣ ಇಂಥ ಗೆರೆಗೆ ಸಿಕ್ಕಿತೋ, ಅದರ ಕತೆ ಮುಗಿಯಿತು. ಗೆರೆಯನ್ನು ಸುತ್ತುತ್ತ ಸುತ್ತುತ್ತ ಒಂದು ತುದಿಗೆ ಹೋಗುತ್ತದೆ, ಅಲ್ಲಿ ತಡೆದು ಹಿಂತಿರುಗುತ್ತದೆ, ಇನ್ನೊಂದು ತುದಿಗೆ ಓಡುತ್ತದೆ. ಕೊಳ್ಳೇಗಾಲದಲ್ಲಿ ಮಾವನ ಮಗ್ಗದ ಪಕ್ಕ ಕೂತು ಲಾಳಿಯನ್ನೇ ನೋಡುತ್ತಿದ್ದೆನಲ್ಲ, ಹಾಗೆ. ನಾಲ್ಕು ವರ್ಷದ ಹಿಂದೆ ಅಮೆರಿಕದವರು ಹಾರಿಸಿದ ಉಪಗ್ರಹದಿಂದ ಇದೆಲ್ಲ ಗೊತ್ತಾಯಿತು.

ಒಳಗಿದ್ದದ್ದು ಹೊರಗೆ ಹೋಗಲಾರದು ಎಂದರೆ, ಹೊರಗಿದ್ದದ್ದಕ್ಕೂ ಒಳಗೆ ಬರುವುದು ಕಷ್ಟವೇ. ಹಾಗಾದರೆ ಇವು ಬಂದದ್ದೆಲ್ಲಿಂದ? ಒಂದು ವಾದ ಹೀಗಿದೆ. ಬಹು ದೂರದಿಂದ ವಿಶ್ವಕಿರಣಗಳು ಬಂದು ನಮ್ಮ ಗಾಳಿಗೆ ಬಡಿಯುತ್ತವೆ. ಆ ಏಟಿಗೆ ಗಾಳಿಯೊಳಗಿನ ನ್ಯೂಟ್ರಾನು ಎಂಬ ಕಣ ಸಿಡಿದು ಮೇಲಕ್ಕೆ ಹಾರುತ್ತದೆ. ಅದಕ್ಕೆ ವಿದ್ಯುತ್ತಿಲ್ಲ, ಅಯಸ್ಕಾಂತ ಅದನ್ನು ತಡೆಯುವುದಿಲ್ಲ. ಆದರೆ ಅದಕ್ಕೆ ಆಯಸ್ಸು ಕಡಿಮೆ. ದಾರಿಯಲ್ಲೇ ಒಡೆದು ಪ್ರೋಟಾನಾಗುತ್ತದೆ. ಪ್ರೋಟಾನಿಗೆ ವಿದ್ಯುತ್ತಿದೆ, ಕೂಡಲೇ ಗೆರೆಗೆ ಸಿಕ್ಕಿಬೀಳುತ್ತದೆ. ಈ ಲೆಕ್ಕ ಹೊಂದಿದರೆ, ಆಕಾಶದಲ್ಲಿರುವವು ಹೊರಗಿನವಲ್ಲ, ನಮ್ಮ ಗಾಳಿಯಲ್ಲೇ ಹುಟ್ಟಿದವು. ಮಾರಯ್ಯನಿಗೆ ಹೇಳಿ, ನಮ್ಮ ಪೈಕಿ ಎಂದು. ಹೊಂದುತ್ತದೋ ಇಲ್ಲವೋ ನೋಡುವುದೇ ನನ್ನ ಕೆಲಸ.

ನ್ಯೂಟ್ರಾನು ಎಣಿಸಲು ಹೈದರಾಬಾದಿನಲ್ಲಿ ದೊಡ್ಡ ಬಲೂನು ಹಾರಿಸುತ್ತೇವೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಹಗ್ಗ ಹಿಡಿದವಳು ನಾನೊಬ್ಬಳೇ.

ನಿಮ್ಮ ಮಗಳು,
ಸುವರ್ಣ

---

ಮಾಂಬಳ್ಳಿ
14 ಏಪ್ರಿಲ್ 1963

ಭಲೇ ಮಗಳೇ!

ನಿನ್ನ ಕಾಗದವನ್ನು ಜಗಲಿಯಲ್ಲಿ ಎಷ್ಟು ಸಲ ಓದಿದ್ದೇನೋ, ಮಡಿಕೆಯಲ್ಲಿ ಹರಿಯುವುದಕ್ಕೆ ಬಂದಿದೆ. ಮಾವನ ಮಗ್ಗದ ಸಾಲು ಬಂದಾಗ ಮಾತ್ರ ಹಾರಿಸಿ ಓದುತ್ತೇನೆ. ಅದನ್ನು ನಿನ್ನವ್ವ ಒಬ್ಬಳೇ ಕೂತು ಓದಿಕೊಳ್ಳುತ್ತಾಳೆ, ನಾನು ನೋಡಿಲ್ಲ ಎಂದುಕೊಂಡಿದ್ದಾಳೆ.

ಹೋದ ತಿಂಗಳು ಯಳಂದೂರಿನಲ್ಲಿ ಒಂದು ಮದುವೆ. ಕೆಂಪನಂಜಪ್ಪನೂ ಬಂದಿದ್ದ. ನನಗೆ ಕೇಳಲಿ ಎಂದೇ ನಾಲ್ಕು ಜನರ ನಡುವೆ ಗಟ್ಟಿಯಾಗಿ, ‘ಕೂಸ್ನ ಓದ್ಸಿ ಏನ್ ಬಂತು? ಬೊಂಬಾಯಿಲಿ ಗಾಳಿ ಎಣಿಸ್ಕಂಡು ಕುಂತವ್ಳೆ’ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ‘ಹೂಂ ಕಣಯ್ಯ, ಎಣಿಸ್ತಾವ್ಳೆ. ನೀನ್ ಉಸಿರಾಡೋ ಗಾಳಿಲಿ ಏನ್ ಹುಟ್ತದೆ ಅಂತ ನಿಂಗೊತ್ತಾ? ಅವ್ಳಿಗ್ ಗೊತ್ತು!’ ಎಂದೆ. ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ.

ಸಿನಿಮಾ ಟೆಂಟಿನವನ ಜಟಕಾ ತಮಟೆ ಹೊಡೆಸಿಕೊಂಡು ಹ್ಯಾಂಡ್‌ಬಿಲ್ ಎಸೆಯುತ್ತ ಹೋಗುತ್ತದಲ್ಲ, ಅವನನ್ನು ಹಿಡಿದೆ. ಒಂದು ಬದಿ ಅವನ ಕತ್ತಿವರಸೆ ಸಿನಿಮಾ, ಇನ್ನೊಂದು ಬದಿ ನೀನು. ಸಂತೆಯ ದಿನ ಯಳಂದೂರು, ಅಗರ, ಮಾಂಬಳ್ಳಿ ಎಲ್ಲ ಕಡೆ ಗುಲಾಬಿ ಕಾಗದ ಹಾರಾಡಿತು. ಒಂದನ್ನು ಇದರ ಜೊತೆ ಇಟ್ಟಿದ್ದೇನೆ, ನೋಡು:

‘ಮಾಂಬಳ್ಳಿಯ ಕುಮಾರಿ ಸುವರ್ಣ, ಎಂ.ಎಸ್‌ಸಿ., ಇವರ ಮಹಾ ಸಂಶೋಧನೆ! ಆಕಾಶದ ಕಣಗಳು ಹೊರಗಿನವಲ್ಲ! ನಮ್ಮ ಗಾಳಿಯಲ್ಲೇ ಹುಟ್ಟಿ ಮೇಲಕ್ಕೆ ಹೋದ ನಮ್ಮ ಪೈಕಿಯವೇ!’

ಪ್ರೆಸ್ಸಿನವನು ನಿನ್ನ ಕಾಗದ ನೋಡಿ, ‘ಲೆಕ್ಕ ಹೊಂದಿದರೆ ಅಂತ ಐತಲ್ಲ ಸಾ, ಅದ್ನೂ ಹಾಕ್ಬೇಕಾ?’ ಎಂದ. ‘ನನ್ ಮಗಳ ಲೆಕ್ಕ ಹೊಂದ್ದೆ ಇರ್ತದಾ? ತೆಗಿ ಅದ್ನ’ ಎಂದೆ.

ಸೆಟೆದು ನಡೆಯುತ್ತಿರುವ,
ಗುರುಮಲ್ಲಪ್ಪ

---

ಬೊಂಬಾಯಿ
20 ಸೆಪ್ಟೆಂಬರ್ 1963

ಅಪ್ಪನಿಗೆ ಶರಣು. ಆರೋಗ್ಯವಾಗಿದ್ದೇನೆ. ಹ್ಯಾಂಡ್‌ಬಿಲ್ ತಲುಪಿತು. ಕೆಲಸ ಬಹಳ ಇದೆ. ಅವ್ವನಿಗೆ ಹೇಳಿ, ಊಟ ಸರಿಯಾಗಿ ಮಾಡುತ್ತಿದ್ದೇನೆ.

ಸುವರ್ಣ

---

ಮಾಂಬಳ್ಳಿ
11 ಡಿಸೆಂಬರ್ 1963

ಸುವರ್ಣಾ,

ಇದೇನು ಕಾಗದವೋ, ತಂತಿಯೋ? ಹ್ಯಾಂಡ್‌ಬಿಲ್ ತಲುಪಿತಂತೆ! ಅಷ್ಟೇನೇ? ಬಣ್ಣ ಚೆನ್ನಾಗಿದೆ ಎನ್ನಲಿಲ್ಲ, ಅಪ್ಪಾ ನೀವು ಹೀಗೇಕೆ ಮಾಡಿದಿರಿ ಎಂದು ಬಯ್ಯಲಿಲ್ಲ. ಬಯ್ದಿದ್ದರೆ ಸಂತೋಷವಾಗುತ್ತಿತ್ತು.

ಇರಲಿ. ಬರುವ ಬೇಸಿಗೆಗೆ ನಿನ್ನ ಪದವಿ ಕೈಗೆ ಬರುತ್ತದೆ ಎಂದಿದ್ದೆಯಲ್ಲ. ಸ್ಕೂಲಿನಲ್ಲಿ ಸನ್ಮಾನ ಎಂದು ಗೊತ್ತುಮಾಡಿದ್ದೇನೆ. ಶಾಮಿಯಾನದವನಿಗೆ ಹೇಳಿದ್ದಾಗಿದೆ. ಕೆಂಪನಂಜಪ್ಪನಿಗೆ ನಾನೇ ಎಲೆಅಡಿಕೆ ಇಟ್ಟು ಕರೆಯುತ್ತೇನೆ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ. ನಿನ್ನ ಹೆಸರು ಕೂಗಿದಾಗ ಅವನ ಮುಖ ನೋಡಬೇಕು ನನಗೆ. ಅದೊಂದು ಆದರೆ ಸಾಕು.

ನಿನ್ನ ಅಪ್ಪ

---

ಬೊಂಬಾಯಿ
3 ಫೆಬ್ರವರಿ 1964

ಅಪ್ಪನಿಗೆ ಶರಣು.

ಶಾಮಿಯಾನದವನಿಗೆ ಬೇಡವೆಂದು ಹೇಳಿ. ಲೆಕ್ಕ ಹೊಂದಲಿಲ್ಲ.

ಆ ಕಣಗಳು ಭೂಮಿಯ ಸುತ್ತ ಎರಡು ವಲಯಗಳಾಗಿವೆ, ಒಂದು ಹತ್ತಿರ, ಒಂದು ದೂರ. ಹತ್ತಿರದ ವಲಯದಲ್ಲಿ ಹೊಂದುತ್ತದೆ. ಅಲ್ಲಿರುವ ಬಿರುಸಿನ ಪ್ರೋಟಾನುಗಳು ನಾನು ಹೇಳಿದ ಹಾಗೆಯೇ ನಮ್ಮ ಗಾಳಿಯಿಂದ ಹೋದ ನ್ಯೂಟ್ರಾನಿನ ಮಕ್ಕಳು ಎನ್ನಬಹುದು. ದೂರ ಹೋದ ಹಾಗೆ ಮಾತ್ರ ಕೆಟ್ಟಿತು. ಅಮೆರಿಕದವರ ಹೊಸ ಉಪಗ್ರಹ ಅಲ್ಲಿ ಎಣಿಸಿದ್ದಕ್ಕೂ, ನಮ್ಮ ಗಾಳಿ ಕೊಡಬಲ್ಲದ್ದಕ್ಕೂ ತಾಳೆಯೇ ಇಲ್ಲ. ಗಾಳಿಯನ್ನೆಲ್ಲ ಹಿಂಡಿದರೂ ಅಷ್ಟು ಹೊರಡುವುದಿಲ್ಲ. ಬಲೂನಿನ ಎಣಿಕೆಯಲ್ಲಿ ತಪ್ಪಿರಬೇಕೆಂದು ಮತ್ತೆ ನೋಡಿದೆ. ನನ್ನ ಗುಣಾಕಾರದಲ್ಲಿ ತಪ್ಪಿರಬೇಕೆಂದು ಮೊದಲಿಂದ ಮಾಡಿದೆ. ಎಲ್ಲೂ ತಪ್ಪಿಲ್ಲ ಅಪ್ಪಾ. ದೂರದಲ್ಲಿರುವವು ಹೊರಗಿನವೇ. ಸೂರ್ಯನ ಕಡೆಯಿಂದ ಸದಾ ಒಂದು ಕಣಗಳ ಗಾಳಿ ಬೀಸುತ್ತಿರುತ್ತದೆ. ಅದರಲ್ಲಿ ಕೆಲವು ಹೇಗೋ ಅಂಚು ದಾಟಿ, ಮೆಲ್ಲನೆ ಒಳಕ್ಕೆ ಜರುಗುತ್ತ, ಜರುಗುತ್ತ ಬಲ ಕೂಡಿಸಿಕೊಂಡು ಸೇರಿಕೊಳ್ಳುತ್ತವೆ ಎಂದು ನನ್ನ ಊಹೆ. ಬೇರೆ ದೇಶಗಳಲ್ಲೂ ಕೆಲವರು ಹೀಗೇ ಹೇಳತೊಡಗಿದ್ದಾರೆ.

ಗುರುಗಳು ಒಳ್ಳೆಯವರು. ‘ಹತ್ತಿರದ ವಲಯದಷ್ಟನ್ನೇ ಬರೆದು ಮುಗಿಸು, ಈ ವರ್ಷವೇ ಪದವಿ ಬರುತ್ತದೆ, ದೂರದ್ದನ್ನು ಮುಂದೆ ನೋಡೋಣ. ಇದರಲ್ಲಿ ಸುಳ್ಳೇನಿಲ್ಲ’ ಎಂದರು. ಸುಳ್ಳಿಲ್ಲ ನಿಜ. ಆದರೆ ನನ್ನ ಮೇಜಿನ ಮೇಲೆ ನಿಮ್ಮ ಗುಲಾಬಿ ಕಾಗದ ಇದೆ. ಎಲ್ಲವೂ ನಮ್ಮವೇ ಎಂದು ಊರೆಲ್ಲ ನಂಬಿದೆ, ನಾನು ಅರ್ಧ ಬರೆದು ಸುಮ್ಮನಿದ್ದರೆ ನಂಬಿಕೊಂಡೇ ಇರುತ್ತದೆ. ಐದು ತಿಂಗಳು ನಿಮಗೆ ಬರೆಯಲು ಕೂತು ಹರಿದು ಹಾಕಿದ್ದೇನೆ. ಮಾವನ ಎದುರು ನಿಮ್ಮ ತಲೆ ತಗ್ಗುತ್ತದಲ್ಲ ಎಂದು ಒಂದು ಸಂಕಟ. ಅವ್ವನ ತವರಿನ ಬಾಗಿಲು ಇನ್ನು ಮುಚ್ಚಿದ ಹಾಗೇ ಎಂದು ಇನ್ನೊಂದು ಸಂಕಟ.

ಆದರೂ ಪೂರ್ತಿ ಬರೆಯುತ್ತೇನೆ ಎಂದು ಗುರುಗಳಿಗೆ ಹೇಳಿಬಿಟ್ಟೆ. ಇನ್ನೆರಡು ವರ್ಷ ಹಿಡಿಯಬಹುದು. ನಿಮ್ಮನ್ನು ಕೇಳದೆ ಹೇಳಿದೆ. ಕ್ಷಮೆ ಕೇಳುತ್ತೇನೆ ಎಂದುಕೊಳ್ಳಬೇಡಿ. ಅದನ್ನು ನೀವು ಕಲಿಸಿಲ್ಲ.

ಸುವರ್ಣ

---

ಮಾಂಬಳ್ಳಿ
19 ಏಪ್ರಿಲ್ 1964

ಸುವರ್ಣಿಗೆ ಅವ್ವ ಚನ್ನಮಲ್ಲಮ್ಮ ಮಾಡುವ ಆಶೀರ್ವಾದ.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ನಿಧಾನವಾಗಿ ಓದಿಕೋ. ನಿಮ್ಮಪ್ಪ ಇನ್ನೂ ಯಾಕೆ ಬರೆದಿಲ್ಲವೆಂದು ನೀನು ಅಲ್ಲಿ ಬೇಯುತ್ತಿರುತ್ತೀಯೆ ಎಂದು ನಾನೇ ಕೂತೆ.

ನಿನ್ನ ಕಾಗದ ಬಂದ ದಿನ ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ಹಿತ್ತಿಲಿಗೆ ಹೋದವರು ಆಮೇಲೆ ಜಗಲಿಯ ಕಡೆ ತಲೆ ಹಾಕಲಿಲ್ಲ. ಮಾರಯ್ಯ ಕರೆದರೆ ಮೈ ಸರಿಯಿಲ್ಲ ಎಂದರು. ನಾನೇ ಹತ್ತಿರ ಹೋಗಿ, ‘ಕೂಸ್ಗೆ ಏನಾರ ಆಯ್ತಾ?’ ಅಂದೆ.

‘ಏನೂ ಆಗಿಲ್ಲ. ಲೆಕ್ಕ ಹೊಂದಿಲ್ಲ’ ಅಂದರು.

‘ಅಷ್ಟೇನಾ! ನಾನೇನೋ ಅಂದ್ಕಂಡೆ’ ಅಂದೆ. ಅಷ್ಟಕ್ಕೇ ಕೆಂಡವಾದರು. ‘ಅಷ್ಟೇನಾ ಅಂತೀಯಲ್ಲ, ನಿನ್ ತಮ್ಮನ ಮುಂದೆ ನಾನ್ ಎಂಗ್ ತಲೆ ಎತ್ಲಿ?’ ಅಂದರು. ನನಗೂ ಸಿಟ್ಟು ಬಂತು. ‘ಅವ್ಳು ಅರ್ಧ ಬರ್ದು ತಲೆ ಎತ್ಕಂಡ್ ಬರ್ಬೋದಾಗಿತ್ತು, ಬರೀನಿಲ್ಲ. ಅದೇನ್ ನನ್ ಹಟವಾ? ನಿಮ್ದೇ. ನೀವೇ ಬೆಳ್ಸಿರೋದು, ಈಗ ಅನುಭವ್ಸಿ!’ ಅಂದು ಸೊಪ್ಪಿನ ಮನೆಗೆ ಹೋದೆ. ಅವರು ನಿನ್ನ ಕಾಗದವನ್ನು ಮತ್ತೆ ತೆಗೆದರು. ಕಡೆಯ ಸಾಲಿನ ಹತ್ತಿರ ಅವರ ಮೀಸೆ ಅಲ್ಲಾಡಿದ್ದನ್ನು ಬಾಗಿಲ ಸಂದಿಯಲ್ಲಿ ನಾನು ನೋಡಿದೆ.

ಮಾರನೆಯ ದಿನ ಕ್ಷೌರ ಮಾಡಿಸಿಕೊಂಡು ಪೇಟ ಸುತ್ತಿಕೊಂಡರು. ‘ಏಳು, ಕೊಳ್ಳೇಗಾಲಕ್ಕೆ ಓಗಣ’ ಅಂದರು. ಯಾಕೆ ಎಂತ ಕೇಳಲಿಲ್ಲ ಕಣೇ ನಾನು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ಸೊಪ್ಪಿನ ಕುಕ್ಕೆ ಹಾಗೇ ಬಿಟ್ಟು ಸೀರೆ ಉಟ್ಟೆ.

ನನ್ನ ತಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಹರವಿಕೊಂಡು ಕೂತಿದ್ದ. ನಮ್ಮನ್ನು ಕಂಡು ಮುಖ ಬಿಗಿದುಕೊಂಡ. ‘ಏನ್ ಭಾವ, ದಾರಿ ತಪ್ತಾ?’ ಅಂದ. ಕೂತುಕೊಳ್ಳಿ ಅನ್ನಲಿಲ್ಲ. ನಿಮ್ಮಪ್ಪನೂ ಕೂರುವವರ ಹಾಗಿರಲಿಲ್ಲ, ನಿಂತೇ ಹೇಳಿದರು.

‘ದಾರಿ ತಪ್ನಿಲ್ಲ. ನಾನ್ ಹಂಚ್ದೆನಲ್ಲ ಹ್ಯಾಂಡ್‌ಬಿಲ್, ಅದು ತಪ್ಪು. ಊರ್ಗೆ ಹೇಳಕ್ ಮುಂಚೆ ನಿಂಗ್ ಹೇಳ್ಬೇಕು ಅಂತ ಬಂದೆ. ಹತ್ರದೋವು ನಮ್ಮವು. ದೂರದೋವು ಹೊರಗಿನೋವು, ಸೂರ್ಯನ ಕಡೆಯಿಂದ ಬಂದು ಸೇರ್ಕಂಡಿರೋವು.’

ಗಿರಾಕಿಗಳು ಬಾಯಿ ತೆರೆದು ನೋಡುತ್ತಿದ್ದರು. ನನ್ನ ತಮ್ಮ ಸೀರೆ ಮಡಿಸುತ್ತ ಕೇಳಿದ, ‘ತಪ್ಪು ಅಂತ ಕಂಡಿಡ್ದೋರು ಯಾರು? ಅಮೆರಿಕದೋರಾ?’

‘ಅವ್ಳೇ.’

‘ಅವ್ಳೇ ತನ್ ಲೆಕ್ಕನ ತಪ್ಪು ಅಂದ್ಲಾ? ಯಾರೂ ಕೇಳ್ದೆ?’

‘ಯಾರೂ ಕೇಳ್ನಿಲ್ಲ. ಮುಚ್ಚಾಕು, ಪದವಿ ತಕೋ ಅನ್ನೋವಂಗಿತ್ತು. ಒಲ್ಲೆ ಅಂದ್ಲು. ಇನ್ನೆರಡು ವರ್ಷ ಆಯ್ತದಂತೆ. ಈಗ ನಗು, ಎಷ್ಟ್ ನಗ್ತೀಯೋ ನಗು.’

ಅವನು ನಗಲಿಲ್ಲ. ಸೀರೆಯ ಮಡಿಕೆಯನ್ನು ಸರಿಮಾಡುತ್ತಲೇ ಇದ್ದ. ಆಮೇಲೆ, ‘ಹೊರಗಿನೋವು ಬಂದು ಸೇರ್ಕಂಡ್ ಮೇಲೆ ಗುರ್ತು ಸಿಕ್ತದಾ ಭಾವ?’ ಎಂದ.

ನಿಮ್ಮಪ್ಪನಿಗೆ ತುಂಟತನ ಎಲ್ಲಿಂದ ಬಂತೋ. ‘ಯಾಕ್ ಸಿಗಲ್ಲ? ಐವತ್ತಾರನೇ ಇಸ್ವಿವರ್ಗೂ ನೀವ್ ಮದ್ರಾಸಿನೋರು. ಆಮೇಲ್ ಬಂದು ಮೈಸೂರಿಗ್ ಸೇರ್ಕಂಡ್ರಿ. ನಮ್ಗೆ ಗುರ್ತು ಸಿಗಲ್ವಾ?’ ಅಂದರು.

‘ನಾವೆಲ್ಲಿಂದ್ಲೂ ಬರ್ನಿಲ್ಲ ಕಣ್ರೀ! ಇದ್ದಲ್ಲೇ ಇದ್ವಿ, ಗೆರೆ ಜರುಗ್ತು ಅಷ್ಟೇಯ’ ಎಂದು ಇವನು ಎಗರಿದ. ಅಂಗಡಿಯೆಲ್ಲ ನಕ್ಕಿತು. ನಕ್ಕಿದ್ದು ನೋಡಿ ಅವನಿಗೂ ನಗು ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡು ಒಳಗೆ ಕೂಗಿದ: ‘ಅಕ್ಕ ಬಂದವ್ಳೆ, ಎಲೆ ಹಾಕ್ರೋ!’

ನಾನು ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಇನ್ನು ಸುಳ್ಳು ಬರೆಯುವ ಹಾಗಿಲ್ಲವಲ್ಲ.

ಹೊಸ ಹ್ಯಾಂಡ್‌ಬಿಲ್ ಇಟ್ಟಿದ್ದೇನೆ. ಈ ಸಲ ಹಳದಿ. ಯಳಂದೂರು ಕಡೆಗೆ ಟೆಂಟಿನವನ ಜಟಕಾ. ಕೊಳ್ಳೇಗಾಲದ ಕಡೆಗೆ ನಿನ್ನ ಮಾವನದೇ ಉಸ್ತುವಾರಿ, ಅಂಗಡಿಯಿಂದ ಹೋಗುವ ಒಂದೊಂದು ಸೀರೆಯ ಒಳಗೂ ಒಂದೊಂದು ಇಡಿಸುತ್ತಿದ್ದಾನೆ. ನಿಮ್ಮಪ್ಪ ಬರೆದದ್ದು ಹೀಗಿದೆ:

‘ತಿದ್ದುಪಡಿ. ಹೋದ ವರ್ಷ ನಾನು ಹಂಚಿದ ಕಾಗದದಲ್ಲಿ ಇದ್ದದ್ದು ಅರ್ಧ ನಿಜ. ಆಕಾಶದ ಕಣಗಳಲ್ಲಿ ಹತ್ತಿರದವು ನಮ್ಮ ಪೈಕಿ, ದೂರದವು ಹೊರಗಿನವು. ಆತುರ ನನ್ನದು. ತನ್ನ ಲೆಕ್ಕ ತಪ್ಪೆಂದು ತಾನೇ ತಿದ್ದಿದವಳು ನನ್ನ ಮಗಳು ಸುವರ್ಣ. ಇಂತು, ಗುರುಮಲ್ಲಪ್ಪ, ಮಾಂಬಳ್ಳಿ.’

ನೀನು ಹೊಟ್ಟೆ ತುಂಬ ಉಣ್ಣು. ಎರಡಲ್ಲದಿದ್ದರೆ ಮೂರು ವರ್ಷ ಆಗಲಿ.

ನಿನ್ನ ಅವ್ವ

---

ಮಾಂಬಳ್ಳಿ
26 ಜೂನ್ 1966

ಡಾಕ್ಟರ್ ಸುವರ್ಣ ಅವರಿಗೆ,

ಹೀಗೆ ಬರೆದು ನೋಡಬೇಕೆಂದು ಬಹಳ ದಿನದಿಂದ ಆಸೆಯಿತ್ತು. ಬರೆದೆ. ಆಯಿತು. ಇನ್ನು ಕೂಸೇ ಎನ್ನುತ್ತೇನೆ.

ನೀನು ಸನ್ಮಾನ ಮುಗಿಸಿ ಬಸ್ಸು ಹತ್ತಿದ ಮೇಲೆ ಮನೆ ಬಣಗುಟ್ಟಿತು. ಕೆಂಪನಂಜಪ್ಪ ಮುಂದಿನ ಸಾಲಿನ ಕುರ್ಚಿ ಬಿಟ್ಟು ವೇದಿಕೆಗೇ ಹತ್ತಿ ನಿನಗೆ ಸೀರೆ ಹೊದಿಸಿದನಲ್ಲ, ಆಗ ಅವನ ಮುಖ ನೋಡಬೇಕೆಂದು ವರ್ಷಗಟ್ಟಲೆ ಕಾದವನು ನಾನು. ಆದರೆ ನನ್ನ ಕಣ್ಣೇ ಮಂಜಾಗಿ ಸರಿಯಾಗಿ ಕಾಣಲಿಲ್ಲ. ಅದೊಂದು ನಷ್ಟ.

ಮೊನ್ನೆ ಎತ್ತು ನೋಡಲು ಹನೂರಿನ ಆಚೆ ಲೊಕ್ಕನಹಳ್ಳಿಗೆ ಹೋಗಿದ್ದೆ. ಕಾಡಿನ ಅಂಚಿನ ಊರು, ಅಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ. ಬಿಸಿಲಿಗೆ ಬಾಯಾರಿ ಒಂದು ಜಗಲಿಯ ಮೇಲೆ ಕೂತೆ. ಒಳಗಿಂದ ದೊಡ್ಡಮಾದಮ್ಮ ಎಂಬ ಮುದುಕಿ ತಂಬಿಗೆ ಹಿಡಿದು ಬಂದಳು. ಅಲ್ಲಿಯೂ ನಮ್ಮ ಊರಿನ ಪದ್ಧತಿಯೇ. ನೀರು ಕೊಡುವ ಮೊದಲೇ ಕೇಳಿದಳು, ‘ಯಾವೂರಾಯ್ತಪ್ಪಾ? ಯಾರ ಪೈಕಿ?’

ಇಷ್ಟು ವರ್ಷ ಆ ಪ್ರಶ್ನೆಗೆ ನನ್ನ ನಾಲಿಗೆ ತಾನಾಗಿಯೇ ಉತ್ತರ ಹೇಳುತ್ತಿತ್ತು: ಮಾಂಬಳ್ಳಿ, ನನ್ನ ಅಜ್ಜನ ಹೆಸರು, ಅವರ ಅಪ್ಪನ ಹೆಸರು. ಅವತ್ತು ಏನಾಯಿತೋ ಕಾಣೆ. ‘ಮಾಂಬಳ್ಳಿ. ಸುವರ್ಣಮ್ಮನ ಪೈಕಿ’ ಎಂದುಬಿಟ್ಟೆ.

ಹೇಳಿದ ಮೇಲೆ ನಾಚಿಕೆಯಾಯಿತು. ಈ ಕಾಡಂಚಿನಲ್ಲಿ ಇವಳಿಗೆ ಯಾವ ಸುವರ್ಣಮ್ಮ ಎಂದು ಗೊತ್ತು? ಮುದುಕಿ ತಂಬಿಗೆ ಹಿಡಿದೇ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಒಳಗೆ ತಿರುಗಿ ಗೋಡೆ ತೋರಿಸಿದಳು. ಮೊಮ್ಮಗಳ ಧಾರೆ ಸೀರೆಯ ಜೊತೆ ಬಂದ ಹಳದಿ ಕಾಗದವನ್ನು ದೇವರ ಪಟದ ಪಕ್ಕ ಅಂಟಿಸಿದ್ದಾರೆ.

‘ತನ್ ಲೆಕ್ಕ ತಾನೇ ತಪ್ಪು ಅಂದ್ಲಂತಲ್ಲ, ಆ ಸುವರ್ಣಮ್ಮನಾ?’ ಎಂದಳು.

‘ಹೂಂ ಕಣವ್ವಾ, ಅವಳ ಪೈಕಿ’ ಎಂದೆ.

ಮುದುಕಿ ನೀರಿನ ತಂಬಿಗೆಯನ್ನು ಒಳಗೆ ತೆಗೆದುಕೊಂಡು ಹೋಗಿ, ಹಾಲು ತಂದಳು.

ನಿನ್ನ ಪೈಕಿಯ,
ಗುರುಮಲ್ಲಪ್ಪ